'ನನ್ನ ಬಗ್ಗೆ' ನಾಲ್ಕು ಸಾಲು: ಇಪ್ಪತ್ತರ ವಯಸ್ಸಿನಲ್ಲಿ ನಮ್ಮನ್ನು ನಾವು ತಿಳಿದುಕೊಳ್ಳುವುದು ಹೇಗೆ

ನನಗೆ ಆಗ 26 ವರ್ಷ. ಮನೆಯಲ್ಲಿ ಗಂಡು ನೋಡಲು ಶುರು ಮಾಡಿದ್ದರು. ಬ್ಯಾಡಗಿಯಿಂದ ತಮ್ಮ ವಾಟ್ಸಾಪಿನಲ್ಲಿ ಒಂದು ಬಯೋಡೇಟಾ ಕಳಿಸಿ, ಖಾಲಿ ಇರುವ ಜಾಗ ತುಂಬಿ ಕಳಿಸು ಅಂದ. ಎತ್ತರ, ನಕ್ಷತ್ರ, ಓದು, ಸಂಬಳ, ಸೋದರಮಾವನ ಊರು, ಎಲ್ಲವನ್ನೂ ಅವ್ವ ಆಗಲೇ ಬರೆಸಿದ್ದಳು. ಕೊನೆಯಲ್ಲಿ 'ನನ್ನ ಬಗ್ಗೆ' ಅಂತ ನಾಲ್ಕು ಸಾಲಿನ ಜಾಗ ಉಳಿದಿತ್ತು. ಬೆಂಗಳೂರಿನ ಪಿಜಿಯ ಮಂಚದ ಮೇಲೆ ಕೂತು ಒಂದು ಗಂಟೆ ಯೋಚಿಸಿದೆ. ಒಂದು ಸಾಲೂ ಬರಲಿಲ್ಲ.

ಕೊನೆಗೆ ಅವ್ವನೇ 'ಹೊಂದಿಕೊಂಡು ಹೋಗುವ ಸ್ವಭಾವ' ಅಂತ ಬರೆಸಿದಳು. ಅದನ್ನು ಓದಿ ನನಗೆ ಕಸಿವಿಸಿಯಾಯಿತು. ಅದು ನಿಜವೋ ಸುಳ್ಳೋ ಹೇಳಲು ನನಗೇ ಗೊತ್ತಿರಲಿಲ್ಲ ನೋಡಿ, ಅದಕ್ಕೆ.

ಆಮೇಲಿನ ಮೂರು ವರ್ಷದಲ್ಲಿ ನಾನು ಮಾಡಿ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು 19ರಿಂದ 29ರ ಒಳಗಿದ್ದು, ಓದು ಮುಗಿದು ಕೆಲಸ ಸಿಕ್ಕರೂ 'ಇದು ನಾನೇನಾ' ಅನ್ನಿಸುತ್ತಿದ್ದರೆ ನಿಮಗೆ ಉಪಯೋಗಕ್ಕೆ ಬರಬಹುದು. ಬೇಕಾಗಿರುವುದು ಒಂದು ನೋಟ್‌ಬುಕ್, ಬ್ಯಾಂಕ್ ಸ್ಟೇಟ್‌ಮೆಂಟ್, ನಿಮ್ಮನ್ನು ಚೆನ್ನಾಗಿ ಬಲ್ಲ ಮೂರು ಜನ, ಮತ್ತೆ ಕೆಲವು ತಿಂಗಳ ತಾಳ್ಮೆ.

ಯೋಚಿಸುತ್ತಾ ಕೂರಬೇಡಿ, ಲೆಕ್ಕ ತೆಗೆಯಿರಿ

ನಾನು ಮೊದಲು ಮಾಡಿದ ತಪ್ಪು ಅಂದರೆ ಕೂತು ಯೋಚಿಸಿದ್ದು. ನಾನು ಯಾರು, ನನಗೆ ಏನು ಬೇಕು, ಯಾಕೆ ಹೀಗಾಗುತ್ತಿದೆ ಅಂತ ರಾತ್ರಿಯೆಲ್ಲ ಯೋಚಿಸಿದರೆ ಬೆಳಿಗ್ಗೆ ಒಂದು ಉತ್ತರ ಸಿಕ್ಕಂತೆ ಅನ್ನಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಬದಲಾಗಿರುತ್ತದೆ. ನಮ್ಮ ಮನಸ್ಸಿಗೆ ಕಾರಣ ಹುಡುಕುವ ಚಟ ಇದೆ. ಸಿಗದಿದ್ದರೆ ಹೊಸದಾಗಿ ಒಂದನ್ನು ಕಟ್ಟಿಬಿಡುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಿಚರ್ಡ್ ನಿಸ್ಬೆಟ್ ಮತ್ತು ತಿಮೋತಿ ವಿಲ್ಸನ್ 1977ರಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದಿದ್ದರು. ಅಂಗಡಿಯಲ್ಲಿ ಮೇಜಿನ ಮೇಲೆ ನಾಲ್ಕು ಜೊತೆ ನೈಲಾನ್ ಕಾಲುಚೀಲ ಸಾಲಾಗಿ ಇಟ್ಟು, ಯಾವುದು ಚೆನ್ನಾಗಿದೆ ಅಂತ ಜನರನ್ನು ಕೇಳಿದರು. ಬಲಗಡೆ ಕೊನೆಯಲ್ಲಿ ಇದ್ದದ್ದನ್ನೇ ಜಾಸ್ತಿ ಜನ ಆರಿಸಿದರು. ಯಾಕೆ ಅಂದರೆ ನೇಯ್ಗೆ ಚೆನ್ನಾಗಿದೆ, ಬಟ್ಟೆ ನುಣುಪಾಗಿದೆ ಅಂತ ಕಾರಣ ಕೊಟ್ಟರು. ಆದರೆ ನಾಲ್ಕೂ ಒಂದೇ ಥರದವು! ಇಟ್ಟ ಜಾಗ ನೋಡಿ ಆರಿಸಿದೆ ಅಂತ ಒಬ್ಬರೂ ಹೇಳಲಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ, ತಮಗೆ ಕಾರಣ ಗೊತ್ತು ಅಂತಲೇ ನಂಬಿದ್ದರು. ಕಾಲುಚೀಲದ ವಿಷಯದಲ್ಲೇ ಹೀಗಾದರೆ ಕೋರ್ಸು, ಕೆಲಸ, ಸಂಗಾತಿ ಆರಿಸುವಾಗ ನಾವು ಹೇಳಿಕೊಳ್ಳುವ ಕಾರಣಗಳನ್ನು ಎಷ್ಟು ನಂಬಬಹುದು ಹೇಳಿ.

ಅದಕ್ಕೇ 'ಯಾಕೆ' ಅನ್ನುವುದನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. 'ಏನು ಮಾಡಿದೆ' ಅಂತ ಕೇಳಿಕೊಳ್ಳಿ. ನಮ್ಮಪ್ಪನದು ಎಪಿಎಂಸಿಯಲ್ಲಿ ದಲಾಲಿ ಅಂಗಡಿ. ಮೆಣಸಿನಕಾಯಿ ಚೀಲ ಬಂದರೆ ರೈತ ಏನು ಹೇಳುತ್ತಾನೆ ಅಂತ ಕೇಳುವ ಮೊದಲೇ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಅಮುಕಿ ನೋಡುತ್ತಾರೆ. ಹಸಿಯೋ ಒಣಗಿದೆಯೋ ಕೈಗೆ ಗೊತ್ತಾಗುತ್ತದೆ. ನೀವೂ ನಿಮ್ಮದೇ ಚೀಲಕ್ಕೆ ಹಾಗೆ ಕೈ ಹಾಕಬೇಕು.

ಮೊದಲನೆಯ ಕೆಲಸ: ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ. ಈಗ ಟೀ ಕುಡಿದ 15 ರೂಪಾಯಿಯೂ ಯುಪಿಐನಲ್ಲೇ ಹೋಗುವುದರಿಂದ ನಿಮ್ಮ ಬದುಕಿನ ದಿನಚರಿಯೇ ಅದರಲ್ಲಿ ಇರುತ್ತದೆ. ಬಾಡಿಗೆ, ಸಾಲದ ಕಂತು, ಮನೆಗೆ ಕಳಿಸಿದ್ದು ಇವನ್ನು ಬಿಟ್ಟುಬಿಡಿ. ಉಳಿದದ್ದಕ್ಕೆ ಮೂರು ಗುರುತು ಹಾಕಿ. ಖರ್ಚು ಮಾಡಿ ಖುಷಿಯಾದದ್ದಕ್ಕೆ ಒಂದು ಟಿಕ್, ಮಾಡಿ ಬೇಜಾರಾದದ್ದಕ್ಕೆ ಒಂದು ಕಾಟು, ಬೇರೆಯವರು ಮಾಡುತ್ತಿದ್ದರು ಅಂತ ಮಾಡಿದ್ದಕ್ಕೆ ಒಂದು ಸೊನ್ನೆ. ಸ್ಟೇಟ್‌ಮೆಂಟ್ ಯಾರಿಗೂ ತೋರಿಸಬೇಕಾಗಿಲ್ಲ. ಹಾಗಾಗಿ ನಿಜ ಬರೆಯಿರಿ.

ನನ್ನದರಲ್ಲಿ ಸೊನ್ನೆಗಳೇ ತುಂಬಿದ್ದವು. ಆರು ತಿಂಗಳಿಗೆ ದುಡ್ಡು ಕಟ್ಟಿ ನಾಲ್ಕೇ ದಿನ ಹೋದ ಜಿಮ್. ಟೀಮಿನವರ ಜೊತೆ ಹೋಗಿ, ಮೂಲೆಯಲ್ಲಿ ಕೂತು, ಸಮವಾಗಿ ಹಂಚಿಕೊಂಡ ಹೋಟೆಲ್ ಬಿಲ್ಲುಗಳು. ಆದರೆ ಒಂದು ವಿಚಿತ್ರ ಕಾಣಿಸಿತು. ಪ್ರತಿ ಭಾನುವಾರ ಆಟೋಗೆ 140, 150 ರೂಪಾಯಿ. ಅದು ವಿಜಯನಗರದ ಚಿಕ್ಕಮ್ಮನ ಮನೆಗೆ ಹೋಗಿದ್ದು. ಎಂಟನೇ ಕ್ಲಾಸಿನ ಅವರ ಮಗನಿಗೆ ಲೆಕ್ಕ ಹೇಳಿಕೊಡಲು ಹೋಗುತ್ತಿದ್ದೆ. ಅದನ್ನು ನಾನು ಒಂದು 'ವಿಷಯ' ಅಂತ ಯಾವತ್ತೂ ಎಣಿಸಿರಲಿಲ್ಲ. ಹವ್ಯಾಸ ಏನು ಅಂತ ಯಾರಾದರೂ ಕೇಳಿದರೆ ಓದುವುದು, ಟ್ರೆಕ್ಕಿಂಗ್ ಅಂತ ಹೇಳುತ್ತಿದ್ದೆ. ಮೂರು ತಿಂಗಳಲ್ಲಿ ಟ್ರೆಕ್ಕಿಂಗ್ ಒಂದು ಸಲ, ಅದಕ್ಕೂ ಸೊನ್ನೆ. ಲೆಕ್ಕ ಹೇಳಿಕೊಟ್ಟದ್ದು ಹನ್ನೊಂದು ಸಲ, ಹನ್ನೊಂದಕ್ಕೂ ಟಿಕ್.

ಇದರ ಜೊತೆಗೆ ಎರಡು ವಾರ ನೋಟ್‌ಬುಕ್ಕಿನಲ್ಲಿ ದಿನಕ್ಕೆ ಮೂರು ಸಾಲು ಬರೆಯಿರಿ. ಇವತ್ತು ಯಾವಾಗ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ? ಯಾವಾಗ ಗಡಿಯಾರ ನೋಡುತ್ತಾ ಇದ್ದೆ? ಯಾರ ಮೇಲೆ ಹೊಟ್ಟೆಕಿಚ್ಚಾಯಿತು? ಮೂರನೆಯದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ತುಂಬಾ ಹೇಳುವುದು ಅದೇ. ಕಾಲೇಜಿನ ಗೆಳತಿ ಕಾರು ತೆಗೆದುಕೊಂಡಾಗ ನನಗೆ ಏನೂ ಅನ್ನಿಸಲಿಲ್ಲ. ಇನ್ನೊಬ್ಬಳು ಅರ್ಧ ದಿನದ ಕೆಲಸಕ್ಕೆ ಸೇರಿಕೊಂಡಳು ಅಂತ ಕೇಳಿ ಇಡೀ ಸಂಜೆ ಊಟ ಸೇರಲಿಲ್ಲ. ನನಗೆ ಬೇಕಾಗಿರುವುದು ದುಡ್ಡಿಗಿಂತ ಬಿಡುವು ಅಂತ ಅವತ್ತೇ ಗೊತ್ತಾಯಿತು.

ಯಾರು ಆರಿಸಿದ್ದು?

ಇದು ಸ್ವಲ್ಪ ಕಷ್ಟದ್ದು, ನಿಧಾನವಾಗಿ ಮಾಡಿ. ಇಲ್ಲಿಯವರೆಗಿನ ಹತ್ತು ದೊಡ್ಡ ತೀರ್ಮಾನಗಳನ್ನು ಪಟ್ಟಿ ಮಾಡಿ, ಪಕ್ಕದಲ್ಲಿ ಅದನ್ನು ಯಾರು ತೆಗೆದುಕೊಂಡರು ಅಂತ ಬರೆಯಿರಿ. ನನ್ನ ಪಟ್ಟಿ ಹೀಗಿತ್ತು: ಎಸ್ಸೆಸ್ಸೆಲ್ಸಿಯಲ್ಲಿ 91 ಬಂದದ್ದಕ್ಕೆ ಸೈನ್ಸ್, ಆರಿಸಿದ್ದು ಅಂಕ. ಪಿಯುಸಿ ಹುಬ್ಬಳ್ಳಿಯಲ್ಲಿ, ಆರಿಸಿದ್ದು ದೊಡ್ಡಪ್ಪ. ಸಿಇಟಿ ಆಪ್ಷನ್ ಎಂಟ್ರಿ, ತುಂಬಿದ್ದು ಸೈಬರ್ ಸೆಂಟರಿನವನು, ನಾನು ಪಕ್ಕದಲ್ಲಿ ನಿಂತು ಹೂಂ ಅಂದಿದ್ದೆ. ಟೆಸ್ಟಿಂಗ್ ಕೆಲಸ, ಕ್ಯಾಂಪಸ್ಸಿಗೆ ಮೊದಲು ಬಂದ ಕಂಪನಿ. ಹತ್ತರಲ್ಲಿ ಎರಡೇ ಎರಡು ನನ್ನವು.

ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಸಿಯಾ 1966ರಲ್ಲಿ ಇದಕ್ಕೆ ಒಂದು ಸುಲಭದ ಅಳತೆ ಕೊಟ್ಟರು. ಎರಡೇ ಪ್ರಶ್ನೆ: ನೀವು ಹುಡುಕಿ ನೋಡಿದ್ದೀರಾ? ಒಂದು ಕಡೆ ಗಟ್ಟಿಯಾಗಿ ನಿಂತಿದ್ದೀರಾ? ಎರಡೂ ಇಲ್ಲದಿದ್ದರೆ ತೇಲುತ್ತಿದ್ದೀರಿ. ಹುಡುಕುತ್ತಿದ್ದೀರಿ ಆದರೆ ಇನ್ನೂ ನಿಂತಿಲ್ಲ ಅಂದರೆ ಗೊಂದಲದ ನಡುವೆ ಇದ್ದೀರಿ, ಅದು ಒಳ್ಳೆಯ ಗೊಂದಲ. ಹುಡುಕಿ ಆಮೇಲೆ ನಿಂತಿದ್ದರೆ ಅದು ನಿಮ್ಮದೇ ಜಾಗ. ನಾಲ್ಕನೆಯದು, ಹುಡುಕದೇ ನಿಂತವರದು. ಮನೆಯವರು ತೋರಿಸಿದ ಜಾಗದಲ್ಲಿ ನಿಂತು ಇದೇ ನಾನು ಅಂದುಕೊಂಡವರು. ನಮ್ಮ ಕಡೆ ಬಹಳ ಜನ ಇಲ್ಲೇ ಇದ್ದೇವೆ ಅಂತ ನನಗೆ ಅನ್ನಿಸುತ್ತದೆ. ಹೊರಗಿಂದ ನೋಡಿದರೆ ಇವರೇ ಎಲ್ಲರಿಗಿಂತ ನೆಮ್ಮದಿಯಾಗಿ ಕಾಣುತ್ತಾರೆ. ತೊಂದರೆ ಶುರುವಾಗುವುದು ಆ ಜಾಗ ಅಲುಗಾಡಿದಾಗ. ಕೆಲಸ ಹೋದಾಗ, ಸಂಬಂಧ ಮುರಿದಾಗ, ಅಪ್ಪ ತೀರಿಕೊಂಡಾಗ.

ಒಂದು ಎಚ್ಚರಿಕೆ. ಪಟ್ಟಿ ನೋಡಿ ಸಿಟ್ಟು ಬರುತ್ತದೆ, ಮನೆಗೆ ಫೋನ್ ಮಾಡಿ ಜಗಳ ಆಡೋಣ ಅನ್ನಿಸುತ್ತದೆ. ಬೇಡ. ಬೇರೆಯವರು ಆರಿಸಿಕೊಟ್ಟದ್ದೆಲ್ಲ ನಿಮಗೆ ಹೊಂದುವುದಿಲ್ಲ ಅಂತ ಏನೂ ಇಲ್ಲ. ಪ್ರತಿಯೊಂದರ ಮುಂದೆ ಇನ್ನೊಂದು ಸಾಲು ಬರೆಯಿರಿ: ಇವತ್ತು ನನ್ನ ಕೈಗೆ ಕೊಟ್ಟರೆ ಇದನ್ನೇ ಆರಿಸುತ್ತೇನಾ? ನನ್ನ ಹತ್ತರಲ್ಲಿ ಐದಕ್ಕೆ ಹೌದು ಅಂತ ಬಂತು. ಟೆಸ್ಟಿಂಗ್ ಕೆಲಸಕ್ಕೂ ಹೌದು ಅಂತಲೇ ಬಂದಾಗ ನನಗೆ ಆಶ್ಚರ್ಯವಾಯಿತು. ತಪ್ಪು ಹುಡುಕಿ, ಅದನ್ನು ಬಿಡಿಸಿ ಹೇಳುವ ಕೆಲಸ ನನಗೆ ನಿಜಕ್ಕೂ ಇಷ್ಟ ಇತ್ತು. ಅಷ್ಟು ವರ್ಷ ಅದನ್ನು ಹಂಗಿನಂತೆ ಮಾಡುತ್ತಿದ್ದೆ. ಆಮೇಲೆ ಅದೇ ಕೆಲಸವನ್ನು ನನ್ನದು ಅಂತ ಮಾಡಲು ಶುರು ಮಾಡಿದೆ.

ಊರು, ಜಾತಿ, ಮನೆತನದ ವಿಷಯವೂ ಇಲ್ಲೇ ಬರುತ್ತದೆ. ನಮ್ಮ ಕಡೆ ಹೊಸಬರನ್ನು ಕಂಡರೆ ಮೊದಲು ಕೇಳುವುದು 'ಯಾರ ಪೈಕಿ ನೀವು' ಅಂತ. ಹೆಸರಿನ ಇನಿಷಿಯಲ್ಲಿನಲ್ಲೇ ಅಪ್ಪನ ಹೆಸರು, ಊರಿನ ಹೆಸರು ಇರುತ್ತದೆ. ಹುಟ್ಟಿನಿಂದ ಬಂದ ಗುರುತನ್ನು ಅಳಿಸಿಹಾಕಿದರೆ ಒಳಗೆ 'ನಿಜವಾದ ನಾನು' ಸಿಗುತ್ತೇನೆ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಅದರಲ್ಲಿ ಯಾವುದನ್ನು ಹೊತ್ತುಕೊಂಡು ಮುಂದೆ ಹೋಗಬೇಕು, ಯಾವುದು ನನ್ನಲ್ಲೇ ನಿಲ್ಲಬೇಕು ಅಂತ ಕೇಳಿಕೊಳ್ಳುವ ವಯಸ್ಸು ಇದೇ. ಊರಿನ ಮಾತು ನನ್ನ ಜೊತೆ ಬರಲಿ. ಯಾರ ಮನೆಯಲ್ಲಿ ನೀರು ಕುಡಿಯಬೇಕು, ಕುಡಿಯಬಾರದು ಅನ್ನುವ ಲೆಕ್ಕ ನನ್ನ ಹತ್ತಿರವೇ ಮುಗಿಯಲಿ. ಇದು ನಾನು ಬರೆದುಕೊಂಡದ್ದು. ನಿಮ್ಮದು ನೀವು ಬರೆದುಕೊಳ್ಳಿ.

'ಐಡೆಂಟಿಟಿ ಕ್ರೈಸಿಸ್', ಅಂದರೆ ನಾನು ಯಾರು ಅನ್ನುವ ಗೊಂದಲ, ಈ ಮಾತನ್ನು ಚಾಲ್ತಿಗೆ ತಂದ ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ 1902ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದವರು. ಹೆತ್ತ ತಂದೆ ಯಾರು ಅಂತ ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಮಲತಂದೆಯ ಹೆಸರಿನಲ್ಲಿ ಬೆಳೆದರು, ಚಿತ್ರ ಬರೆಯುತ್ತಾ ಯೂರೋಪಿನಲ್ಲಿ ಅಲೆದರು, ಇಪ್ಪತ್ತೈದರ ಹೊತ್ತಿಗೆ ವಿಯೆನ್ನಾದಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದರು. 1939ರಲ್ಲಿ ಅಮೆರಿಕದ ಪೌರತ್ವ ಸಿಕ್ಕಾಗ ತಮಗೆ ತಾವೇ ಎರಿಕ್ಸನ್, ಅಂದರೆ ಎರಿಕ್‌ನ ಮಗ, ಅಂತ ಹೆಸರಿಟ್ಟುಕೊಂಡರು. ನನಗೆ ಧೈರ್ಯ ಬೇಕಾದಾಗ ಈ ಕತೆ ನೆನಪಾಗುತ್ತದೆ.

ಚಿಕ್ಕದಾಗಿ ಮಾಡಿ ನೋಡಿ

ಲೆಕ್ಕದಿಂದ ಒಂದು ಸುಳಿವು ಸಿಕ್ಕಿತು ಅಂದುಕೊಳ್ಳಿ. ತಕ್ಷಣ ರಾಜೀನಾಮೆ ಬರೆಯಬೇಡಿ. ಆರು ವಾರ, ವಾರಕ್ಕೆ ಒಂದು ಸಲ, ಕಡಿಮೆ ಖರ್ಚಿನಲ್ಲಿ ಮಾಡಿ ನೋಡಿ. ಮೊದಲ ಸಲ ಎಲ್ಲವೂ ಚೆಂದ ಕಾಣುತ್ತದೆ, ಎರಡನೇ ಸಲ ಎಲ್ಲವೂ ಬೇಸರ. ನಾಲ್ಕನೇ ಸಲದ ಹೊತ್ತಿಗೆ ನಿಜ ಗೊತ್ತಾಗಲು ಶುರುವಾಗುತ್ತದೆ. ಇನ್ನೊಂದು ಮಾತು, ಆ ಆರು ವಾರ ಅದರ ಬಗ್ಗೆ ಸ್ಟೇಟಸ್ಸು, ರೀಲ್ಸು ಏನೂ ಹಾಕಬೇಡಿ. ಹಾಕಿದ ತಕ್ಷಣ ನಾಲ್ಕು ಜನ ಹೊಗಳುತ್ತಾರೆ, ಆಮೇಲೆ ನಿಮಗೆ ಇಷ್ಟವಾಗಿದ್ದು ಕೆಲಸವೋ ಹೊಗಳಿಕೆಯೋ ಬೇರ್ಪಡಿಸುವುದು ಕಷ್ಟ.

ನನಗೆ ಪಾಠ ಹೇಳುವುದು ಇಷ್ಟ ಅಂತ ಅಂದುಕೊಂಡು ಶನಿವಾರ ಒಂದು ಸರ್ಕಾರಿ ಶಾಲೆಯಲ್ಲಿ ಮೂವತ್ತು ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಹೋದೆ. ಸಾಕಾಗಿಹೋಯಿತು. ಗಲಾಟೆ ನಿಲ್ಲಿಸುವುದರಲ್ಲೇ ಹೊತ್ತು ಹೋಗುತ್ತಿತ್ತು, ಮನೆಗೆ ಬಂದರೆ ತಲೆನೋವು. ಆರನೇ ವಾರ ಬಿಟ್ಟೆ. ನನಗೆ ಇದೂ ಆಗಿಬರಲಿಲ್ಲ ಅಂತ ಅಳು ಬಂತು. ನೋಟ್‌ಬುಕ್ ತೆಗೆದು ನೋಡಿದರೆ ಆ ಆರು ಶನಿವಾರಗಳಲ್ಲೂ ಒಂದೊಂದು ಟಿಕ್ ಇತ್ತು. ಕ್ಲಾಸ್ ಮುಗಿದ ಮೇಲೆ ಒಬ್ಬಳು ಹುಡುಗಿ ಉಳಿದುಕೊಂಡು ಭಿನ್ನರಾಶಿ ಕೇಳುತ್ತಿದ್ದಳಲ್ಲ, ಆ ಇಪ್ಪತ್ತು ನಿಮಿಷಕ್ಕೆ. ಅಂದರೆ ನನಗೆ ಇಷ್ಟವಾದದ್ದು ಪಾಠ ಮಾಡುವುದಲ್ಲ. ಒಬ್ಬರ ಪಕ್ಕ ಕೂತು ಅವರಿಗೆ ಎಲ್ಲಿ ತಪ್ಪುತ್ತಿದೆ ಅಂತ ಹುಡುಕುವುದು. ಟೆಸ್ಟಿಂಗ್‌ನಲ್ಲೂ ಅದೇ ಅಲ್ವಾ! ಆಮೇಲೆ ಆಫೀಸಿನಲ್ಲಿ ಹೊಸದಾಗಿ ಸೇರಿದವರಿಗೆ ಒಬ್ಬೊಬ್ಬರಿಗೆ ಕೂತು ಕೆಲಸ ಕಲಿಸುವ ಜವಾಬ್ದಾರಿ ಕೇಳಿ ತೆಗೆದುಕೊಂಡೆ. ಎರಡು ವರ್ಷವಾಯಿತು, ಇನ್ನೂ ಮಾಡುತ್ತಿದ್ದೇನೆ.

'ಪಾಠ ಹೇಳುವುದು ಇಷ್ಟ' ಅನ್ನುವುದಕ್ಕೂ 'ಒಬ್ಬರಿಗೆ ಕೂತು ಹೇಳಿಕೊಡುವುದು ಇಷ್ಟ' ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ. ಮೊದಲನೆಯದನ್ನು ನಂಬಿ ಬಿ.ಎಡ್.ಗೆ ಸೇರಿದ್ದರೆ ಎರಡು ವರ್ಷ ಹೋಗುತ್ತಿತ್ತು.

ಮಾಡಿ ನೋಡುವಾಗ ನಾವು ಅಂದುಕೊಳ್ಳದ್ದು ಬರುವುದೂ ಇದೆ. ಗಿರೀಶ ಕಾರ್ನಾಡರಿಗೆ ಹರೆಯದಲ್ಲಿ ಇಂಗ್ಲಿಷಿನಲ್ಲಿ ಕವಿಯಾಗುವ ಆಸೆ ಇತ್ತು. 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಡುವ ಸಮಯ, ಮನೆಯವರಿಗೆ ಮಗ ದೂರ ಹೋಗುತ್ತಾನೆ ಅನ್ನುವ ಚಿಂತೆ. ಆ ಒದ್ದಾಟದಲ್ಲಿ ಬರೆಯಲು ಕೂತರೆ ಕವಿತೆ ಬರಲಿಲ್ಲ, ಇಂಗ್ಲಿಷೂ ಬರಲಿಲ್ಲ, ಬಂದದ್ದು ಕನ್ನಡದ ನಾಟಕ. ಆಗ ಅವರಿಗೆ 22 ವರ್ಷ. ತಾನು ನಾಟಕಕಾರ ಅಂತ ಅವರಿಗೆ ಗೊತ್ತಾದದ್ದು ಕೈ ಬರೆದ ಮೇಲೆ.

ಮೂರು ಜನರನ್ನು ಕೇಳಿ

ನಮ್ಮ ಬೆನ್ನು ನಮಗೆ ಕಾಣುವುದಿಲ್ಲ. ಒಳಗಿನ ಭಯ, ಆತಂಕ ನಮಗೇ ಚೆನ್ನಾಗಿ ಗೊತ್ತಿರುತ್ತದೆ. ಆದರೆ ನಾವು ಎಷ್ಟು ಜಾಣರು, ಎಷ್ಟು ಹೊಸದಾಗಿ ಯೋಚಿಸುತ್ತೇವೆ ಅನ್ನುವಂಥದ್ದನ್ನು ಸ್ನೇಹಿತರು ನಮಗಿಂತ ಸರಿಯಾಗಿ ಅಳೆಯುತ್ತಾರೆ ಅಂತ ಸಿಮಿನ್ ವಜೀರ್ ಎಂಬ ಮನಶ್ಶಾಸ್ತ್ರಜ್ಞೆ 2010ರಲ್ಲಿ ತೋರಿಸಿದರು. ಕುವೆಂಪು ಮೈಸೂರಿನಲ್ಲಿ ಓದುವಾಗ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವನ್ನು ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂತ ಹೇಳಿದರು. ಕನ್ನಡ ಬಾರದ ಪರದೇಶದ ಒಬ್ಬ ಮನುಷ್ಯನಿಗೆ ಅದು ಕಂಡಿತು. 19 ವರ್ಷದ ಹುಡುಗ ಆ ಮಾತಿಗೆ ಕಿವಿಗೊಟ್ಟ.

ಕೇಳುವ ರೀತಿ ಮುಖ್ಯ. 'ನಾನು ಹೇಗೆ' ಅಂದರೆ 'ಒಳ್ಳೆಯವಳು' ಅಂತಾರೆ, ಅಷ್ಟೇ. ಹೀಗೆ ಕೇಳಿ: ನಾನು ತುಂಬಾ ಖುಷಿಯಾಗಿ ಇದ್ದದ್ದನ್ನು ನೀನು ಯಾವಾಗ ನೋಡಿದ್ದೀಯ? ನನ್ನ ಯಾವ ಅಭ್ಯಾಸ ನಿನಗೆ ಸಿಟ್ಟು ತರಿಸುತ್ತದೆ? ನಾನು ಬದಲಾದೆ ಅಂತ ಯಾವಾಗ ಅನ್ನಿಸಿತು? ಒಬ್ಬರು ಮನೆಯವರು, ಒಬ್ಬರು ಹಳೆಯ ಗೆಳೆಯರು, ಒಬ್ಬರು ಜೊತೆಗೆ ಕೆಲಸ ಮಾಡುವವರು ಇರಲಿ. ಅವರು ಹೇಳುವಾಗ ಸಮಜಾಯಿಷಿ ಕೊಡಬೇಡಿ. ಸುಮ್ನೆ ಬರೆದುಕೊಳ್ಳಿ.

ನನ್ನ ತಮ್ಮ ಒಂದೇ ಮಾತು ಹೇಳಿದ. "ಅಕ್ಕಾ, ನೀ ಎಲ್ಲಾರಿಗೂ ಹೂಂ ಅಂತಿ, ಆಮ್ಯಾಲ ಒಬ್ಬಾಕಿನ ಕುಂತು ಸಿಟ್ಟಾಗ್ತಿ." ಎರಡು ದಿನ ಅವನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಸೈಬರ್ ಸೆಂಟರಿನಲ್ಲಿ ನಿಂತು ಹೂಂ ಅಂದದ್ದು ನೆನಪಾಯಿತು. ಅವ್ವ ಬಯೋಡೇಟಾದಲ್ಲಿ ಬರೆಸಿದ 'ಹೊಂದಿಕೊಂಡು ಹೋಗುವ ಸ್ವಭಾವ' ಇದೇ ಆಗಿತ್ತು, ಅವಳಿಗೆ ಕಂಡದ್ದು ಅದರ ಒಂದು ಮಗ್ಗಲು ಮಾತ್ರ.

ಕೇಳುವುದಕ್ಕೆ ನಾಚಿಕೆಪಟ್ಟು ಆನ್‌ಲೈನ್ ಪರ್ಸನಾಲಿಟಿ ಟೆಸ್ಟಿನ ಮೊರೆ ಹೋಗುವವರಿದ್ದಾರೆ, ನಾನೂ ಹೋಗಿದ್ದೆ. ನಾಲ್ಕು ಅಕ್ಷರದ ಒಂದು ಹೆಸರು ಕೊಡುತ್ತಾರೆ, ಓದಿದರೆ ನನ್ನದೇ ಕತೆ ಅನ್ನಿಸುತ್ತದೆ. 1948ರಲ್ಲಿ ಬರ್ಟ್ರಾಮ್ ಫೋರರ್ ಎಂಬ ಪ್ರೊಫೆಸರ್ 39 ವಿದ್ಯಾರ್ಥಿಗಳಿಗೆ ಟೆಸ್ಟ್ ಕೊಟ್ಟು, ಇದು ನಿಮ್ಮ ವ್ಯಕ್ತಿತ್ವ ಅಂತ ಒಬ್ಬೊಬ್ಬರಿಗೂ ಒಂದು ಹಾಳೆ ಕೊಟ್ಟರು. ಎಷ್ಟು ಸರಿ ಇದೆ ಅಂತ ಕೇಳಿದರೆ ಸರಾಸರಿ 5ಕ್ಕೆ 4.26 ಅಂಕ ಬಂತು. ಎಲ್ಲರ ಹಾಳೆಯಲ್ಲೂ ಒಂದೇ ಬರಹ ಇತ್ತು. ಟೆಸ್ಟ್ ಮಾಡಿ, ಖುಷಿಪಡಿ, ಆದರೆ ಅದರ ಮೇಲೆ ಕೆಲಸ, ಸಂಗಾತಿ ಆರಿಸಬೇಡಿ.

ಎರಡು ದನಿಗಳ ಬಗ್ಗೆ

ಬೆಂಗಳೂರಿಗೆ ಬಂದ ಹೊಸದರಲ್ಲಿ ನನ್ನ ಮಾತು ಕೇಳಿ ಆಫೀಸಿನಲ್ಲಿ ನಗುತ್ತಿದ್ದರು. ಒಂದೇ ವರ್ಷದಲ್ಲಿ ಇಲ್ಲಿನ ಕನ್ನಡ ಕಲಿತುಬಿಟ್ಟೆ. ಮನೆಯಿಂದ ಫೋನ್ ಬಂದರೆ ಎದ್ದು ಹೊರಗೆ ಹೋಗಿ 'ಹೇಳವಾ' ಅಂತಿದ್ದೆ. ಇದರಲ್ಲಿ ನಿಜವಾದ ನಾನು ಯಾರು ಅಂತ ಬಹಳ ದಿನ ಕಾಡಿತು. ಈಗ ಹಾಗೆ ಕೇಳಿಕೊಳ್ಳುವುದಿಲ್ಲ. ಯಾವ ದನಿಯಲ್ಲಿ ಮಾತಾಡಿದ ಮೇಲೆ ಸುಸ್ತಾಗುತ್ತದೆ ಅಂತ ನೋಡುತ್ತೇನೆ. ಆಫೀಸಿನ ದನಿ ನನಗೆ ಸುಸ್ತು ತರುವುದಿಲ್ಲ, ಅದೂ ನನ್ನದೇ ಆಗಿದೆ. ಎದ್ದು ಹೊರಗೆ ಹೋಗುತ್ತಿದ್ದೆನಲ್ಲ, ಆ ಬಚ್ಚಿಡುವಿಕೆ ಸುಸ್ತು ತರುತ್ತಿತ್ತು. ಈಗ ಕೂತಲ್ಲೇ ಮಾತಾಡುತ್ತೇನೆ.

ಮನೆಯಲ್ಲಿ ಹೇಳುವುದು

'ನನ್ನನ್ನು ನಾನು ಹುಡುಕಿಕೊಳ್ಳಬೇಕು' ಅಂದರೆ ಮನೆಯಲ್ಲಿ ಗಾಬರಿಯಾಗುತ್ತಾರೆ. ಒಂದು ವಿಷಯ, ಅದರ ಅವಧಿ, ಅದರ ಖರ್ಚು, ಇಷ್ಟನ್ನೇ ಹೇಳಿ. ನಾನು ಹೇಳಿದ್ದು ಇಷ್ಟು: "ಅವ್ವಾ, ಗಂಡು ನೋಡೋದು ಒಂದ್ ವರ್ಷ ತಡಿ. ಮನಿಗೆ ಕಳಸೋ ರೊಕ್ಕ ನಿಲ್ಲಂಗಿಲ್ಲ. ವರ್ಷ ಆದ ಮ್ಯಾಲೆ ನಾನ ಫೋನ್ ಮಾಡಿ ಹೇಳ್ತೀನಿ." ಒಂದು ವರ್ಷ ಮುಗಿದ ದಿನ ನಾನೇ ಫೋನ್ ಮಾಡಿದೆ, ಇನ್ನೂ ಸ್ವಲ್ಪ ದಿನ ಬೇಕು ಅಂತ ಹೇಳಿದೆ. ಹೇಳಿದ ದಿನಕ್ಕೆ ಫೋನ್ ಮಾಡಿದ್ದಕ್ಕೇ ಅಪ್ಪ ಒಪ್ಪಿದರು ಅಂತ ಆಮೇಲೆ ಗೊತ್ತಾಯಿತು.

ಗೊಂದಲ ಬೇರೆ, ಕಾಯಿಲೆ ಬೇರೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ರುಚಿ ಇಲ್ಲದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಈ ನೋಟ್‌ಬುಕ್ ಬದಿಗಿಟ್ಟು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಬರೆದಿಡಿ, ತಾರೀಖು ಹಾಕಿ

ಇಷ್ಟಾದ ಮೇಲೆ ನಿಮ್ಮ ನಾಲ್ಕು ಸಾಲು ಬರೆಯಿರಿ. ಮೃದು ಸ್ವಭಾವ, ಕಷ್ಟಪಟ್ಟು ದುಡಿಯುವವಳು ಅನ್ನುವಂಥ ಯಾರಿಗೂ ಹೊಂದುವ ಮಾತು ಬೇಡ. ನಿಮ್ಮ ಸ್ಟೇಟ್‌ಮೆಂಟು, ನೋಟ್‌ಬುಕ್ಕು, ಆ ಮೂರು ಜನರ ಮಾತು ಸಾಕ್ಷಿ ಹೇಳುವಂಥದ್ದನ್ನು ಮಾತ್ರ ಬರೆಯಿರಿ. ಕೆಳಗೆ ತಾರೀಖು ಹಾಕಿ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 18ರಿಂದ 68 ವರ್ಷದ 19,000ಕ್ಕೂ ಹೆಚ್ಚು ಜನರನ್ನು ಕೇಳಿದ್ದರು. ಹಿಂದಿನ ಹತ್ತು ವರ್ಷದಲ್ಲಿ ಬಹಳ ಬದಲಾದೆ, ಮುಂದಿನ ಹತ್ತು ವರ್ಷದಲ್ಲಿ ಅಷ್ಟು ಬದಲಾಗಲಾರೆ ಅಂತ ಎಲ್ಲ ವಯಸ್ಸಿನವರೂ ಹೇಳಿದರು. ನಮಗೂ ಹಾಗೇ ಅನ್ನಿಸುತ್ತದೆ. ಅದಕ್ಕೇ ನಾನು ಪ್ರತಿ ಯುಗಾದಿಗೆ ಹಳೆಯದನ್ನು ಅಳಿಸದೆ ಅದರ ಕೆಳಗೆ ಹೊಸದಾಗಿ ಬರೆಯುತ್ತೇನೆ.

ಈಗ ನನಗೆ 29. ಹೋದ ತಿಂಗಳು ತಮ್ಮ ಮತ್ತೆ ಬಯೋಡೇಟಾ ಕಳಿಸಿದ. ಈ ಸಲ ಆ ಜಾಗದಲ್ಲಿ ನಾನೇ ಬರೆದೆ:

ಒಬ್ಬರ ಪಕ್ಕ ಕೂತು ಹೇಳಿಕೊಡುವುದು ಇಷ್ಟ. ತುಂಬಾ ಜನರ ನಡುವೆ ಬೇಗ ಸುಸ್ತಾಗುತ್ತೇನೆ.
ದುಡ್ಡಿಗಿಂತ ಬಿಡುವು ಮುಖ್ಯ.
ಸಿಟ್ಟು ಬಂದರೆ ಮಾತಾಡುವುದಿಲ್ಲ, ಮೂರನೇ ದಿನ ನಾನೇ ಬಂದು ಮಾತಾಡಿಸುತ್ತೇನೆ.
ಕೇಳಿದ ತಕ್ಷಣ ಹೂಂ ಅಂದರೆ ಅದನ್ನು ನಂಬಬೇಡಿ, ಎರಡು ದಿನ ಬಿಟ್ಟು ಇನ್ನೊಮ್ಮೆ ಕೇಳಿ.